ಸೋರುವ ನಲ್ಲಿಗೆ ಕೈ ಹಾಕಬೇಡಿ

ಪ್ಲಂಬರ್ ಸಾಹೇಬರಿಗೆ,

ಒಂದು ತಿಂಗಳಿಂದ ಫ್ಲಶ್‌ಗೆ ನೀರು ಸಾಲುತ್ತಿರಲಿಲ್ಲ. "ವಾಲ್ವ್ ಹೋಗಿದೆ ಅಕ್ಕಾ, ನೀನು ಮುಟ್ಬೇಡ" ಅಂದಿರಿ. ನಿನ್ನೆ ನಾನೇ ಟ್ಯಾಂಕಿನ ಮುಚ್ಚಳ ತೆಗೆದೆ. ವಾಲ್ವ್ ಗುಂಡುಕಲ್ಲಿನ ಹಾಗಿದೆ. ಪಕ್ಕದಲ್ಲೇ ನಿಮ್ಮ ಬ್ರಾಂದಿ ಬಾಟಲಿ ತಣ್ಣಗೆ ಸ್ನಾನ ಮಾಡುತ್ತಿತ್ತು. ಎಂಥಾ ಕೆಲಸಗಾರರಪ್ಪಾ ನೀವು!

ವ್ಯಸನಮುಕ್ತಿ ಕೇಂದ್ರದವರು ಮತ್ತೆ ಸೇರಿಸಿಕೊಳ್ಳುತ್ತಾರಂತೆ. ಇವತ್ತು ಹತ್ತು ಗಂಟೆಗೆ ಅಲ್ಲಿರಬೇಕು. ದಾರಿ ಹೇಳಬೇಕಾಗಿಲ್ಲ, ತಾವು ಹಳೇ ವಿದ್ಯಾರ್ಥಿ. ಬ್ಯಾಗು ಬಾಗಿಲ ಹತ್ತಿರವಿದೆ. ಹೋದ ಸಲದ ಹಾಗೆ ಶೇವಿಂಗ್ ಸೆಟ್ ಮರೆತು ಸನ್ಯಾಸಿಯಾಗಬೇಡಿ.

ಅಡುಗೆಮನೆ ನಲ್ಲಿ ಸೋರುತ್ತಿದೆ. ಅದನ್ನು ನೆಪ ಮಾಡಿಕೊಂಡು ಇಲ್ಲೇ ಕೂತುಬಿಡಬೇಡಿ. ಕೆಳಗೆ ಬಕೆಟ್ ಇಟ್ಟಿದ್ದೇನೆ. ನೀವು ಅಲ್ಲಿರುವ ಮೂರು ತಿಂಗಳು ದಿನಾ ನಾನೇ ಚೆಲ್ಲುತ್ತೇನೆ.

ಬೇರೆ ಪ್ಲಂಬರನ್ನು ಕರೆಯಲ್ಲ ಕಣೋ. ನೀನೇ ಬಂದು ಸರಿ ಮಾಡು.

ಅಕ್ಕ