ಹರ್ಲಿಂಗ್ ಮೈದಾನದ ಫೋಟೋ

ನ್ಯೂರೆಂಬರ್ಗ್, ಜೂನ್ ೨೦೦೨

ಅಪ್ಪಾಜಿ, ನಮಸ್ಕಾರ.

ಹೆಣ್ಣಿನ ಕಡೆಯವರು ಕೇಳಿದ ಫೋಟೋ ಇದರೊಂದಿಗಿದೆ.

ನನ್ನ ಸಹೋದ್ಯೋಗಿ ಬ್ರೆಂಡನ್‌ನ ಐರಿಶ್ ಹಳ್ಳಿಯಲ್ಲಿ ಹರ್ಲಿಂಗ್ ಕ್ಲಬ್ ಇದೆ. ಕೋಲಿನಿಂದ ಚೆಂಡು ಹೊಡೆಯುವ ಆಟ. ಗೋಲಿನ ಮೇಲೆ ಹಾರಿಸಿದರೂ ಒಂದು ಪಾಯಿಂಟ್. ನೂರು ವರ್ಷದಲ್ಲಿ ಅವರು ಗೆದ್ದಿದ್ದು ಒಂದೇ ಸಲ, ಎದುರಾಳಿಗಳ ಬಸ್ಸು ಕೆಟ್ಟುನಿಂತಾಗ.

ಮೊನ್ನೆ ಆ ಕ್ಲಬ್ಬಿನವರು ಇಲ್ಲಿ ಆಡಲು ಬಂದಾಗ ಒಬ್ಬ ಆಟಗಾರ ಕಡಿಮೆ ಬಿದ್ದನೆಂದು ನನ್ನನ್ನು ನಿಲ್ಲಿಸಿದರು. ಕೊನೆಯ ನಿಮಿಷದವರೆಗೂ ಸಮಸಮ. ಆಗ ಎದೆಯೆತ್ತರಕ್ಕೆ ಬಂದ ಚೆಂಡನ್ನು, ಕ್ರಿಕೆಟ್‌ನಲ್ಲಿ ನೀವು ಕಲಿಸಿದ ಹಾಗೆ, ಹಿಂದಕ್ಕೆ ಎತ್ತಿ ಬಾರಿಸಿದೆ. ಅದು ನಮ್ಮದೇ ಗೋಲಿನ ಮೇಲೆ ಹಾರಿತು. ನಾನು ಸಿಕ್ಸರ್ ಎಂದು ಕೋಲೆತ್ತಿ ಕುಣಿದೆ.

“ಬಿಡು, ನಮ್ಮ ಕ್ಲಬ್ಬಿನ ಚರಿತ್ರೆಗೆ ಕಳಂಕ ಬರಲಿಲ್ಲ” ಎಂದ ಬ್ರೆಂಡನ್.

ಫೋಟೋದಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಿರುವವರು ಯಾವ ತಂಡದವರು ಎಂದು ಮಾತ್ರ ಹೆಣ್ಣಿನ ಕಡೆಯವರಿಗೆ ಹೇಳಬೇಡಿ.

ನಿಮ್ಮ ಮಗ,
ಚರಣ