ಅಕ್ಕನ ದನಿಯನ್ನು ಕೇಳುವವರಿಗೆ ಕೊಟ್ಟಿದ್ದೆ, ಯಂತ್ರಕ್ಕಲ್ಲ

ಸಾರ್ವಜನಿಕ ಧ್ವನಿ ಗ್ರಂಥಾಲಯದ ನಿರ್ದೇಶಕರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಿಮ್ಮ ಗ್ರಂಥಾಲಯಕ್ಕೆ ನಾನು ಪುಕ್ಕಟೆಯಾಗಿ ಕೊಟ್ಟ ನನ್ನ ಅಕ್ಕನ ಕತೆಗಳನ್ನು ನೀವು ಯಂತ್ರಕ್ಕೆ ಮಾತು ಕಲಿಸುವ ಕಂಪನಿಯೊಂದಕ್ಕೆ ಹಾಗೇ ಎತ್ತಿ ಕೊಟ್ಟಿದ್ದೀರಿ. ನನ್ನನ್ನು ಕೇಳಲಿಲ್ಲ, ಅಕ್ಕನನ್ನಂತೂ ಕೇಳಲೇ ಇಲ್ಲ. ಈಗ ಅಕ್ಕನ ದನಿ ಕಂಡಕಂಡವರಿಗೆ ಫೋನ್ ಮಾಡಿ ವಿಮೆ ಮಾರುತ್ತಿದೆ. ಅಕ್ಕ ಮಾತ್ರ ಮನೆಯಲ್ಲಿ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದಾಳೆ. ದೂರು ಇಷ್ಟೇ. ಮುಂದೆ ಬರೆಯುವುದು ದೂರೋ ತಪ್ಪೊಪ್ಪಿಗೆಯೋ ನನಗೇ ಸರಿಯಾಗಿ ಗೊತ್ತಿಲ್ಲ.

ನನ್ನ ಭಾವ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ಕಿತ್ತುಕೊಂಡಿತು. ಅಕ್ಕ ಪತ್ರಿಕೆ ಓದಿ ಹೇಳಲು ಶುರು ಮಾಡಿದಳು. ಭಾವನಿಗೋ ಹಳೆಯ ಚಾಳಿ, ಪ್ರತಿ ಸಾಲಿಗೂ ತಪ್ಪು ಹುಡುಕುವುದು. ರೋಸಿಹೋದ ಅಕ್ಕ ಪತ್ರಿಕೆ ಮಡಿಸಿಟ್ಟು ತಾನೇ ಕತೆ ಕಟ್ಟತೊಡಗಿದಳು. ಅದರಲ್ಲಾದರೆ ತಪ್ಪು ಹಿಡಿಯುವಂತಿಲ್ಲವಲ್ಲ! ಮೂರನೇ ಮಹಡಿಯಲ್ಲಿ ನಿಲ್ಲಲು ಒಪ್ಪದ ಲಿಫ್ಟು, ಎರಡು ಮನೆಯವರೂ ತಮ್ಮದಲ್ಲ ಎನ್ನುತ್ತಿದ್ದ ಬೆಕ್ಕು, ಎಡಗೈಗೆ ಮಾತ್ರ ತೋಳು ಹೊಲಿಯುತ್ತಿದ್ದ ದರ್ಜಿ. ಭಾವ ಮಗುವಿನ ಹಾಗೆ ಕೂತು ಕೇಳುತ್ತಿದ್ದರು. ಕಣ್ಣು ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಆ ಲಿಫ್ಟಿನ ಕತೆಗೆ.

ನಾನು ಧ್ವನಿ ಸಂಕಲನಕಾರ. ಬೇರೆಯವರ ಮಾತಿನಿಂದ ಕೆಮ್ಮು, ಉಸಿರು, ತೊದಲು ಕತ್ತರಿಸುವುದು ನನ್ನ ಹೊಟ್ಟೆಪಾಡು. ಭಾವನಂಥವರು ಎಷ್ಟೋ ಜನ ಇದ್ದಾರೆ, ಅವರೂ ಕೇಳಲಿ ಎಂದು ಹಟ ಹಿಡಿದವನು ನಾನೇ. ದನಿ ಮಾರ್ದನಿಸದಂತೆ ಮಲಗುವ ಕೋಣೆಯ ಬೀರುವಿಗೆ ಹಾಸಿಗೆ ಆನಿಸಿ, ಫ್ಯಾನ್ ಆರಿಸಿ ರೆಕಾರ್ಡ್ ಮಾಡಿದೆವು. ಮೈಕಿಗೆ ಕತೆ ಹೇಳಲು ಅಕ್ಕನಿಗೆ ಬಾಯೇ ಬರಲಿಲ್ಲ, ಹಾಗಾಗಿ ಭಾವನನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿದೆವು. ಪ್ರತಿ ಕತೆಗೂ ಮೊದಲು ಅವಳು ಮೆಲ್ಲಗೆ, "ರೀ, ಕೂತ್ಕೊಂಡ್ರಾ? ಶುರು ಮಾಡ್ಲಾ?" ಎಂದು ಕೇಳುವಳು. ಭಾವ ಹೂಂ ಎಂದ ಮೇಲೆಯೇ ಕತೆ.

ನನ್ನ ಕಸುಬಿನಲ್ಲಿ ಮೊದಲು ಕತ್ತರಿ ಬೀಳಬೇಕಾದ ಜಾಗ ಅದು. ಕತೆಗೂ ಆ ಮಾತಿಗೂ ಸಂಬಂಧವಿಲ್ಲ. ಮೂವತ್ತು ವರ್ಷದ ಕೆಲಸದಲ್ಲಿ ಯಾರದನ್ನೂ ಹಾಗೆ ಉಳಿಸಿದವನಲ್ಲ. ಇದನ್ನು ಉಳಿಸಿದೆ. ಎಷ್ಟು ಚೆನ್ನಾಗಿದೆ, ಕೇಳುವವರಿಗೂ ತಮ್ಮನ್ನೇ ಕೇಳಿದಂತಾಗುತ್ತದೆ ಎಂದುಕೊಂಡೆ. ಗಂಡಹೆಂಡಿರ ನಡುವಿನ ಮಾತನ್ನು ಜಗತ್ತಿಗೆ ಹಂಚಲು ನನಗೆ ಯಾರು ಅಧಿಕಾರ ಕೊಟ್ಟಿದ್ದರು, ಮಾನ್ಯರೇ? ಯಾರನ್ನೂ ಕೇಳದೆ ಬೇರೆಯವರದನ್ನು ಎತ್ತಿಕೊಡುವುದರಲ್ಲಿ ನಾನು ನಿಮಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದೆ.

ನಿಮ್ಮ ಒಪ್ಪಿಗೆ ಪತ್ರದ 'ಎಲ್ಲರಿಗೂ ಮುಕ್ತ' ಎಂಬ ಚೌಕದಲ್ಲಿ ಗುರುತು ಹಾಕಿದ್ದೂ ನಾನೇ. ಎಲ್ಲರಿಗೂ ಅಂದರೆ ಯಾರಿಗೆ ಎಂದು ಅಕ್ಕ ಕೇಳಿದ್ದಳು. ಕಣ್ಣಿಲ್ಲದವರು, ಆಸ್ಪತ್ರೆಯಲ್ಲಿ ಮಲಗಿದವರು, ನಿದ್ದೆ ಬಾರದವರು, ಇನ್ಯಾರು ಕೇಳ್ತಾರೆ ಎಂದು ದೊಡ್ಡ ತಿಳಿವಳಿಕೆಯವನಂತೆ ಹೇಳಿದೆ. ಅವಳು ನನ್ನ ಮಾತು ನಂಬಿದಳು. ತಮ್ಮನನ್ನು ನಂಬದೆ ಇನ್ಯಾರನ್ನು ನಂಬಬೇಕಿತ್ತು?

ಕಳೆದ ತಿಂಗಳು ಒಂದು ಸಂಜೆ ಅಕ್ಕ ಮಾತ್ರೆ ತರಲು ಬೀದಿ ತುದಿಯ ಔಷಧದಂಗಡಿಗೆ ಹೋಗಿದ್ದಳು. ನಾನು ಅವರ ಅಡುಗೆಮನೆಯಲ್ಲಿ ಟೀ ಕಾಯಿಸುತ್ತಿದ್ದೆ. ಭಾವನ ಫೋನಿಗೆ ಕರೆ ಬಂತು. ಕಿವಿಗಿಟ್ಟುಕೊಂಡ ಭಾವನ ಮುಖ ಅರಳಿತು. "ಫೋನಲ್ಲೇ ಕತೆ ಹೇಳ್ತೀಯೇನೇ? ಹೂಂ, ಹೇಳು" ಅಂದರು. ಅಕ್ಕನೇ ಇರಬೇಕೆಂದು ನಾನೂ ಒಳಗೇ ನಕ್ಕೆ. ಆಮೇಲೆ ಅವರ ನಗು ಇಳಿಯುತ್ತಾ ಬಂತು. ಗಾಬರಿಯಾಗಿ ಹತ್ತಿರ ಹೋದೆ. ಮನೆಯ ಯಜಮಾನರು ತೀರಿಹೋದ ಮೇಲೆ ಹೆಂಡತಿಯ ಗತಿಯೇನು, ಇವತ್ತೇ ಯೋಚಿಸಿ ಎಂದು ಅಕ್ಕನ ದನಿ, ಅಕ್ಕನದೇ ರಾಗದಲ್ಲಿ, ಸಮಾಧಾನವಾಗಿ ವಿವರಿಸುತ್ತಿತ್ತು.

ಆಗಲೇ ಬಾಗಿಲು ತಳ್ಳಿಕೊಂಡು ಬಂದ ಅಕ್ಕ, "ಯಾರ್ರೀ ಫೋನಲ್ಲಿ?" ಎಂದಳು.

ಭಾವ ಮುಖವನ್ನು ಬಾಗಿಲ ಕಡೆ ತಿರುಗಿಸಿದರು. ಮತ್ತೆ ಫೋನಿನ ಕಡೆ ತಿರುಗಿಸಿದರು. ಕೊನೆಗೆ ಗಾಳಿಯಲ್ಲಿ ಕೈ ಚಾಚಿ, "ಇಲ್ಲಿ ಬಾ, ಕೈ ಕೊಡು" ಎಂದರು. ಬಳೆ ಮುಟ್ಟಿದರು, ಬೆರಳು ಮುಟ್ಟಿದರು, ಆಮೇಲೆ ಮಾತಾಡಿದರು. ಅವತ್ತಿನಿಂದ ಅದೇ ಆಗಿದೆ. ಅಕ್ಕ ಏನು ಹೇಳಿದರೂ ಮೊದಲು ಕೈ ಚಾಚುತ್ತಾರೆ. ದನಿಯೊಂದೇ ಗುರುತಾಗಿದ್ದ ಮನುಷ್ಯನಿಂದ ಅದನ್ನೂ ಕಿತ್ತುಕೊಂಡೆವು, ನೀವೂ ನಾನೂ ಸೇರಿ. ಕತೆ ನಿಂತಿದೆ. ಶುರು ಮಾಡ್ಲಾ ಎಂದು ಕೇಳಲು ಅಕ್ಕನಿಗೆ ನಾಲಿಗೆ ಏಳುತ್ತಿಲ್ಲವಂತೆ.

ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ಬಹಳ ವಿನಯದಿಂದ ಆ ಚೌಕದಲ್ಲಿ ನಾನು ಹಾಕಿದ್ದ ಗುರುತನ್ನು ನನಗೇ ತೋರಿಸಿದರು. ಎಲ್ಲರಿಗೂ ಎಂದ ಮೇಲೆ ಕಂಪನಿಗೂ ತಾನೇ ಎಂದರು. ಆಹಾ! ದಾರಿಹೋಕರು ಕುಡಿಯಲಿ ಎಂದು ಮನೆಮುಂದೆ ನಲ್ಲಿ ಇಟ್ಟರೆ, ಟ್ಯಾಂಕರ್ ತಂದು ತುಂಬಿಸಿಕೊಂಡು ಹೋದವನನ್ನೂ ಬಾಯಾರಿದವನು ಎನ್ನುತ್ತೀರಾ? ಕತೆ ಕೇಳಿ ನಗದ, ನಡುವೆ ಹೂಂ ಎನ್ನದ, ಮುಗಿದ ಮೇಲೆ ಇನ್ನೊಂದು ಹೇಳು ಎಂದು ಪೀಡಿಸದ ಈ ಹೊಸ ಕೇಳುಗ ನಿಮ್ಮ ಸದಸ್ಯರ ಪಟ್ಟಿಗೆ ಯಾವಾಗ ಸೇರಿದ? ಕರೆಯ ಮೊದಲಿಗೇ ಅಕ್ಕನ ಆ 'ಕೂತ್ಕೊಂಡ್ರಾ' ಕೇಳಿಸಿದರೆ ಜನ ಫೋನ್ ಇಡುವುದಿಲ್ಲ ಎಂದು ಕಂಡುಕೊಂಡ ಜಾಣನಿಗೆ ನೀವು ಸನ್ಮಾನ ಮಾಡಿದ್ದೀರಾ?

ಅಷ್ಟು ಬೇಡವಾದರೆ ಕತೆಗಳನ್ನು ತೆಗೆದುಬಿಡಿ ಎಂದೂ ಸಹಾಯಕರು ಹೇಳಿದರು. ತೆಗೆಯಲು ನಾನು ಸಿದ್ಧನಿದ್ದೆ. ಬೇಡ ಎಂದವಳು ಅಕ್ಕ. ತಾಯಿಯ ಹಾಸಿಗೆ ಪಕ್ಕ ಕೂತು ದಿನಾ ಆ ಬೆಕ್ಕಿನ ಕತೆ ಹಾಕುವ ಮಗಳೊಬ್ಬಳು ಅವಳಿಗೆ ಬರೆದಿದ್ದಳು. "ಅವರೇನು ತಪ್ಪು ಮಾಡಿದಾರೋ? ಅವರಿಗೆ ಇರ್ಲಿ ಬಿಡು" ಎಂದಳು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಕೇಳುತ್ತಿದ್ದೇನೆ. ಮನುಷ್ಯರಿಗೆ ಪುಕ್ಕಟೆ, ಯಂತ್ರಕ್ಕೆ ಇಲ್ಲ ಎನ್ನಲು ನಿಮ್ಮಲ್ಲಿ ಜಾಗ ಮಾಡಿ. ಈಗಾಗಲೇ ಕೊಟ್ಟವರ ಮನೆಗೆ ಹೋಗಿ, ಅವರನ್ನೇ ಕೂರಿಸಿಕೊಂಡು ಮತ್ತೆ ಕೇಳಿ, ನನ್ನಂಥ ತಮ್ಮಂದಿರನ್ನಲ್ಲ. ಅಕ್ಕನ ದನಿಯನ್ನು ಆ ಕಂಪನಿಯಿಂದ ವಾಪಸು ಪಡೆಯಿರಿ. ಕಲಿತದ್ದನ್ನು ಯಂತ್ರ ಮರೆಯುವುದಿಲ್ಲ ಎನ್ನುತ್ತೀರಿ, ಗೊತ್ತು. ಆ ದನಿಯಲ್ಲಿ ಮಾತಾಡಬೇಡ ಎಂದಾದರೂ ಹೇಳಬಹುದಲ್ಲ?

ನಿನ್ನೆ ಅವರ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ನಿಂತು, "ಭಾವ, ನಾನು" ಎಂದೆ. ಭಾವ ನನ್ನ ಕಡೆಗೂ ಕೈ ಚಾಚಿದರು.

ಇಂತಿ,
ನಿಮ್ಮ ಮೇಲೂ ತನ್ನ ಮೇಲೂ ವಿಶ್ವಾಸ ಕಳೆದುಕೊಂಡ,
ಕತ್ತರಿಸಬೇಕಾದ ಒಂದೇ ಒಂದು ಮಾತನ್ನು ಕತ್ತರಿಸದೆ ಬಿಟ್ಟ ಧ್ವನಿ ಸಂಕಲನಕಾರ