ವಿರೋಧ ಗೆದ್ದ ಮೇಲೆ

ಮೇ ೧೨, ಸೋಮವಾರ. ಶಹಾಪುರ

ಹಾಸ್ಟೆಲ್ಲಿನ ಟ್ಯಾಂಕು ಇವತ್ತೂ ಖಾಲಿ. ನಲವತ್ತು ಮಕ್ಕಳಿಗೆ ಎರಡು ಬಕೆಟ್ ನೀರು. ಮೊದಲು ಯಾರು ಎಂಬುದರ ಮೇಲೆಯೇ ಬೆಳಿಗ್ಗೆ ಪರ-ವಿರೋಧ ಶುರುವಾಗಿತ್ತು. ಬೈಯಲಿಲ್ಲ. ಚರ್ಚಾ ಶಿಬಿರಕ್ಕೆ ಬಂದವರು ಚರ್ಚೆ ಮಾಡಲಿ.

ಅವ್ವ ಮುದನಾಳದಿಂದ ಫೋನು ಮಾಡಿದ್ದಳು. "ಬುದ್ಧ ಪೂರ್ಣಿಮಿಗೂ ಮನಿಗೆ ಬರಂಗಿಲ್ಲೇನ?" ಇಲ್ಲವ್ವ, ಶಿಬಿರ ಮುಗಿಯಲಿ ಎಂದೆ.

ನನ್ನ ಗುಂಪಿನಲ್ಲಿ ಎಂಟು ಮಕ್ಕಳು. ಏಳು ಜನ ಬಾಯಿಪಾಠದವರು — ಭಾಷಣ ಬರೆದುಕೊಡಿ ಟೀಚರ್ ಎಂದು ದುಂಬಾಲು ಬೀಳುತ್ತಾರೆ. ಕೊಡುವುದಿಲ್ಲ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆಯೇ ಗೊತ್ತಾಗುವುದು. ಹತ್ತು ನಿಮಿಷ ಯೋಚನೆ, ನಾಲ್ಕು ನಿಮಿಷ ಮಾತು. ಗಿಣಿಪಾಠ ಇಲ್ಲಿ ನಡೆಯುವುದಿಲ್ಲ.

ಎಂಟನೆಯವಳು ಮೌನೇಶ್ವರಿ. ಸುರಪುರದ ಆಚೆ, ಕೃಷ್ಣಾ ದಂಡೆಯ ಊರು. ತಂದೆ ಹುಲಗಪ್ಪ ಮೀನು ಹಿಡಿಯುತ್ತಾರೆ, ರಂಗಂಪೇಟೆಗೆ ತಂದು ಮಾರುತ್ತಾರೆ. ಹುಡುಗಿ ಹತ್ತನೇ ಪಾಸು. ಕಾಲೇಜಿಗೆ ಕಳಿಸಲು ಅಪ್ಪನಿಗೆ ಮನಸ್ಸಿಲ್ಲ. "ಶಿಬಿರಕ್ಕ ಹೋಗಿ ಬಾ, ಆಮ್ಯಾಲೆ ನೋಡೂಣು" ಎಂದಿದ್ದಾರಂತೆ. ಆ ಒಂದು ಮಾತು ನಂಬಿಕೊಂಡು ಬಂದಿದ್ದಾಳೆ.

ಮೇ ೧೫, ಗುರುವಾರ

ಶಿಬಿರದ ನಿರ್ದೇಶಕ ಶಾಂತಕುಮಾರ ಸರ್ ಮೀಟಿಂಗು ಕರೆದಿದ್ದರು. ಶನಿವಾರ ಪಾಲಕರ ಮುಂದೆ ಫೈನಲ್. ರವಿವಾರ ಸಮಾರೋಪ, ಬಹುಮಾನ. ಗೆದ್ದವರಿಗೆ ಉತ್ತಮ ವಾಗ್ಮಿ, ಅವರನ್ನು ತಯಾರು ಮಾಡಿದವರಿಗೆ ಉತ್ತಮ ತರಬೇತುದಾರ ಪ್ರಶಸ್ತಿ.

ಇದನ್ನು ಹೇಳಲು ಎರಡು ನಿಮಿಷ. ಏಳು ಜನ ಅತಿಥಿಗಳಿಗೆ ಶಾಲು ಯಾವ ಬಣ್ಣದ್ದಿರಬೇಕು ಎಂಬುದಕ್ಕೆ ಮುಕ್ಕಾಲು ತಾಸು.

ಪ್ರಶಸ್ತಿ ನನಗೆ ಬೇಕಾ? ಬೇಕು. ಅತಿಥಿ ಶಿಕ್ಷಕಿಯಾಗಿ ಒಂಬತ್ತು ವರ್ಷ ಆಯಿತು, ಒಂದು ಹೂವಿನ ಹಾರವನ್ನೂ ಯಾರೂ ಹಾಕಿಲ್ಲ. ನಾಚಿಕೊಂಡು ಬೇಡ ಅನ್ನುವ ದೊಡ್ಡಸ್ತಿಕೆ ನನ್ನಲ್ಲಿಲ್ಲ.

ಮೇ ೧೭, ಶನಿವಾರ. ಮಧ್ಯಾಹ್ನ

ಫೈನಲ್ ಮುಗಿಯಿತು.

ವಿಷಯ: ಹತ್ತನೇ ತರಗತಿಯ ನಂತರವೂ ಹೆಣ್ಣುಮಕ್ಕಳನ್ನು ಓದಿಸಬೇಕು. ಮೌನೇಶ್ವರಿಗೆ ಬಂದ ಚೀಟಿ — ವಿರೋಧ.

ಹುಡುಗಿ ಚೀಟಿ ಹಿಡಿದು ನನ್ನ ಹತ್ತಿರ ಓಡಿಬಂದಳು. "ಟೀಚರ್, ಬದಲಿ ಮಾಡಾಕ ಬರ್ತದೇನ್ರಿ? ಅಪ್ಪ ಬಂದಾನ." ಬರುವುದಿಲ್ಲ ಎಂದೆ. ನೀನು ಒಪ್ಪದವರ ಅತ್ಯಂತ ಗಟ್ಟಿ ಮಾತು ಯಾವುದೋ ಅದನ್ನೇ ಎತ್ತಿಕೋ ಎಂದೆ. ಎರಡು ವಾರದಿಂದ ಹೇಳಿಕೊಟ್ಟದ್ದೇ ಅದು.

ಎತ್ತಿಕೊಂಡಳು. ಹತ್ತನೇ ಓದಿದವಳಿಗೆ ಹತ್ತನೇ ಓದಿದ ವರ ಸಿಗುತ್ತಾನೆ, ಇನ್ನೂ ಓದಿದರೆ ಇನ್ನೂ ಓದಿದವನನ್ನು ಎಲ್ಲಿಂದ ತರುವುದು? ಸಂಜೆಯ ಬಸ್ಸು ತಪ್ಪಿದರೆ ಹುಡುಗಿ ರಾತ್ರಿ ಎಲ್ಲಿರಬೇಕು? ಡಿಗ್ರಿ ಆದವಳನ್ನು ಕಚೇರಿಯವರು ಕರೆಯುವುದಿಲ್ಲ, ಕೂಲಿಗೆ ಅವಳು ಹೋಗುವುದಿಲ್ಲ — ಎರಡು ದಂಡೆಗೂ ಹತ್ತದ ತೆಪ್ಪವಾಗುತ್ತಾಳೆ. ಹೆಂಗಸರೇ ಮೊದಲು ಚಪ್ಪಾಳೆ ಹೊಡೆದರು, ಅದೇ ಹೊಟ್ಟೆ ಉರಿಸಿತು.

ಮುಖ್ಯ ತೀರ್ಪುಗಾರರು ನಸೀರುದ್ದೀನ ಸರ್, ನಿವೃತ್ತ ಮಾಸ್ತರರು. ಅಂಕ ಕೊಡುವುದರಲ್ಲಿ ಬಲು ಜಿಪುಣರು. ಮೂವರು ತೀರ್ಪುಗಾರರೂ ಒಮ್ಮತದಿಂದ ಅವಳಿಗೇ ಮೊದಲ ಸ್ಥಾನ ಕೊಟ್ಟರು. ಅಂದರೆ ತರಬೇತುದಾರ ಪ್ರಶಸ್ತಿ ನನಗೆ.

ಅದೇ ದಿನ, ಐದು ಗಂಟೆ

ಹುಲಗಪ್ಪ ಬಂದರು. ಎರಡೂ ಕೈ ಜೋಡಿಸಿದರು.

"ಟೀಚರ್, ನಿಮ್ಮ ಉಪಕಾರ ಮರಿಯಂಗಿಲ್ರಿ. ಮನ್ಯಾಗ ನಾ ಇದ ಮಾತ ಹೇಳಿದ್ರ ಮಾರಿ ತಿರುವ್ತಿದ್ಲು. ಇವತ್ತ ಮಂದಿ ಮುಂದ ತಾನ ಒಪ್ಪಿಕೊಂಡ್ಳು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು, ಅವಳ ವಾದವನ್ನೇ ಅವರು ಒಪ್ಪಿಗೆ ಎಂದುಕೊಂಡಿದ್ದರು. ಅದು ಚೀಟಿಯಲ್ಲಿ ಬಂದ ಪಕ್ಷ, ಅವಳ ಅಭಿಪ್ರಾಯ ಅಲ್ಲ ಎಂದೆ.

"ಚೀಟಿ ಹೇಳಿದ್ರ ಸುಳ್ಳ ಆಡ್ತಾಳೇನ್ರಿ ನನ್ನ ಮಗಳು?"

"ಸುಳ್ಳಲ್ಲ, ವಾದ."

"ಮೂರು ಮಂದಿ ಓದಿದವ್ರು ಕುಂತು, ಈಕಿ ಮಾತ ಖರೇ ಅಂತ ಬಹುಮಾನ ಕೊಟ್ಟಾರ. ಇನ್ನ ನಾ ಕಾಲೇಜಿಗಿ ಕಳಿಸಿದ್ರ ಊರಾಗ ನಗ್ತಾರ. ನಾಕು ಮಂದ್ಯಾಗ ಆಡಿದ ಮಾತು ಹಿಂದಕ್ಕ ತಗೊಳ್ಳಾಕ ಬರಂಗಿಲ್ರಿ."

ಕುಹಕ ಏನೂ ಇರಲಿಲ್ಲ. ನಿಜಕ್ಕೂ ಸಂತೋಷಪಟ್ಟಿದ್ದರು, ಮಗಳು ದಾರಿಗೆ ಬಂದಳು ಎಂದು. ಆ ಸಂತೋಷವನ್ನು ಏನು ಮಾಡಲಿ? ಜಗಳಗಂಟರಾಗಿದ್ದರೆ ಜಗಳವಾಡುತ್ತಿದ್ದೆ.

ಕೊನೆಗೆ ಮೌನೇಶ್ವರಿ ಹೇಳಿದಳು — ಅವೆಲ್ಲ ಅಪ್ಪನ ಮಾತುಗಳೇ. ಊಟಕ್ಕೆ ಕೂತಾಗ ದಿನವೂ ಕೇಳಿದ್ದಂತೆ. ಅವಳಿಗೆ ಗೊತ್ತಿದ್ದ ಗಟ್ಟಿ ಮಾತು ಅವೇ.

ಮೇ ೧೮, ರವಿವಾರ. ಬೆಳಿಗ್ಗೆ

"ಬಹುಮಾನ ತಗೊಳ್ಳಂಗಿಲ್ರಿ ಟೀಚರ್." ಮೌನೇಶ್ವರಿಯ ಕಣ್ಣು ಊದಿಕೊಂಡಿದ್ದವು.

ತಗೋ ಎಂದೆ. ಗೆದ್ದಿದ್ದೀಯ. ಗೆದ್ದದ್ದನ್ನು ಯಾಕೆ ಬಿಡಬೇಕು? ನಾನೂ ಬಿಡುವುದಿಲ್ಲ. ಚೆನ್ನಾಗಿ ಕಲಿಸಿದ್ದಕ್ಕೆ ನಾನೇಕೆ ಕ್ಷಮೆ ಕೇಳಲಿ? ನಾಲ್ಕು ಜನರ ಮುಂದೆ ಆಡಿದ ಮಾತಿಗೆ ಉತ್ತರವನ್ನೂ ನಾಲ್ಕು ಜನರ ಮುಂದೆಯೇ ಕೊಡಬೇಕು, ಅಷ್ಟೆ.

ಶಾಂತಕುಮಾರ ಸರ್ ಹತ್ತಿರ ಹೋದೆ. ಸಮಾರೋಪದಲ್ಲಿ ಅವಳಿಗೆ ನಾಲ್ಕು ನಿಮಿಷ ಕೊಡಿ, ಪರ ಪಕ್ಷ ಮಾತಾಡಲಿ ಎಂದೆ.

"ಅಪ್ಪ-ಮಗಳ ಜಗಳ ಸ್ಟೇಜಿಗ್ಯಾಕ್ರಿ ಮೇಡಂ? ಏಳು ಸನ್ಮಾನ ಅದಾವ. ಟೈಮ್ ಎಲ್ಲೈತಿ?"

"ಪ್ರಶಸ್ತಿ ತಗೊಂಡವರು ಎರಡು ಮಾತು ಆಡೋದು ಅದನೋ ಇಲ್ಲೋ?"

"ಅದ ರೀ. ಮಕ್ಕಳಿಗಲ್ಲ, ಅದು ನಿಮ್ಮದು."

ನನ್ನದು. ಸರಿ.

ಸಂಜೆ

ಬರೆದುಬಿಡುತ್ತೇನೆ, ಸಿಟ್ಟು ಆರುವ ಮೊದಲು.

ಏಳು ಶಾಲು, ಏಳು ಹಾರ, ಏಳು ಹಣ್ಣಿನ ಬುಟ್ಟಿ. ಒಬ್ಬೊಬ್ಬರ ಪರಿಚಯ ಒಂದೊಂದು ಪುರಾಣ. ಮಕ್ಕಳ ಸರದಿ ಬರುವಷ್ಟರಲ್ಲಿ ಅರ್ಧ ಅತಿಥಿಗಳು ಮೊಬೈಲು ನೋಡುತ್ತಿದ್ದರು. ಮೌನೇಶ್ವರಿಗೆ ಪದಕ, ಫೋಟೋ, ಇಳಿ. ನನಗೆ ಫಲಕ, ಫೋಟೋ, "ಎರಡು ಮಾತು."

ಮೈಕು ಹಿಡಿದೆ. "ನನ್ನ ಎರಡು ಮಾತನ್ನು ನನ್ನ ವಿದ್ಯಾರ್ಥಿನಿಗೆ ಕೊಟ್ಟಿದ್ದೇನೆ" ಎಂದು ಅವಳ ಕೈಗೆ ಕೊಟ್ಟೆ.

ಮೂರನೇ ಸಾಲಿನಲ್ಲಿ ಹುಲಗಪ್ಪ ನೆಟ್ಟಗೆ ಕೂತರು.

"ನಿನ್ನಿ ನಾ ಹೇಳಿದ್ದೆಲ್ಲಾ ನಮ್ಮಪ್ಪನ ಮಾತು. ಗಟ್ಟಿ ಮಾತು, ಅದಕ್ಕ ಪದಕ ಬಂತು. ಇವತ್ತ ನನ್ನ ಮಾತ ಹೇಳ್ತೀನಿ. ಬಸ್ಸು ತಪ್ಪಿದ್ರ ಹುಡುಗಿ ಎಲ್ಲಿರಬೇಕು ಅಂದೆ. ನಾ ಮೀನು ಮಾರಾಕ ರಂಗಂಪೇಟಿಗೆ ಹೋದಾಗ ಎಷ್ಟೋ ಸಲ ಬಸ್ಸು ತಪ್ಪ್ಯಾವ. ಆವಾಗ ಯಾರೂ ಕೇಳಲಿಲ್ಲ. ಓದಿದ್ರ ವರ ಸಿಗಂಗಿಲ್ಲ ಅಂದೆ. ಅಂವನೂ ಓದಲಿ, ಬ್ಯಾಡಂದವ್ರು ಯಾರು? ಎರಡು ದಂಡಿಗೂ ಹತ್ತಂಗಿಲ್ಲ ಅಂದೆ. ತೆಪ್ಪ ನಡಸೋ ಹುಟ್ಟು ಕೈಯಾಗ ಕೊಡದ, ಹಂಗ ಅನ್ನೋದು ನ್ಯಾಯ ಏನು?"

ಶಾಂತಕುಮಾರ ಸರ್ ಸಮಯದ ಗಂಟೆ ಬಾರಿಸಲು ಸನ್ನೆ ಮಾಡಿದರು. ನಸೀರುದ್ದೀನ ಸರ್ ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಮುಚ್ಚಿದರು.

"ಇವತ್ತಿನ ಮಾತಿಗಿ ಪದಕ ಇಲ್ಲ. ಕೊಡೋದಿದ್ರ ನಮ್ಮಪ್ಪ ಕೊಡಬೇಕು."

ಹುಲಗಪ್ಪ ಎದ್ದರು, ಟವೆಲ್ಲು ಕೊಡವಿದರು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಅವಳು ಚೀಲ ತೆಗೆದುಕೊಂಡು ಹಿಂದೆಯೇ ಓಡಿದಳು.

"ಮುಂದಿನ ವರ್ಷ ನಿಮ್ಮನ್ನ ಕರೆಯೋದು ಕಷ್ಟ ಆಗ್ತದ ನೋಡ್ರಿ" ಎಂದರು ಶಾಂತಕುಮಾರ ಸರ್. ಕರೆಯದಿದ್ದರೆ ಮುದನಾಳದ ಬೇವಿನ ಗಿಡದ ಕೆಳಗೆ ನಾನೇ ಒಂದು ಶಿಬಿರ ಮಾಡುತ್ತೇನೆ, ಶಾಲು ಇಲ್ಲದ್ದು.

ಮೇ ೨೬. ಮುದನಾಳ

ಹುಲಗಪ್ಪನವರ ಫೋನು ಸ್ವಿಚ್ ಆಫ್. ಫಲಕವನ್ನು ಅವ್ವ ಟಿವಿ ಮೇಲೆ ಇಟ್ಟಿದ್ದಾಳೆ. ನೋಡಿದಾಗಲೆಲ್ಲ ಕೆಟ್ಟದೆನಿಸುತ್ತದೆ. ಆದರೂ ತೆಗೆಯುವುದಿಲ್ಲ.

ಜೂನ್ ೪

ಇವತ್ತೂ ಇಲ್ಲ.

ಜೂನ್ ೧೧, ಬುಧವಾರ. ಸುರಪುರ, ಕಾಲೇಜಿನ ಕಟ್ಟೆ

ನಿನ್ನೆ ಯಾರದೋ ಫೋನಿನಿಂದ ಹುಲಗಪ್ಪ. "ನಾಳೆ ಸುರಪುರದ ಕಾಲೇಜಿಗಿ ಬರ್ರಿ ಟೀಚರ್. ಒಂದು ನ್ಯಾಯ ಐತಿ." ಅಷ್ಟು ಹೇಳಿ ಇಟ್ಟರು. ಬಸ್ಸಿನುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡೇ ಬಂದೆ.

ಅಪ್ಪ-ಮಗಳು ಕಟ್ಟೆಯ ಮೇಲೆ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದಾರೆ.

"ನೋಡ್ರಿ, ಎರಡನೇ ಮಾತೂ ಈಕಿ ನಾಕು ಮಂದ್ಯಾಗ ಆಡ್ಯಾಳ, ಅದಕ್ಕ ಕಾಲೇಜಿಗಿ ಹೋಗು ಅಂದೀನಿ. ಆರ್ಟ್ಸ್ ತಗೋ, ಹಗುರ ಆಗ್ತದ ಅಂತೀನಿ. ಸೈನ್ಸ್ ಬೇಕಂತಾಳ. ಹದಿನೈದು ದಿನದಿಂದ ಮನ್ಯಾಗ ಇದ ನಡದೈತಿ. ನಿಮ್ಮಿಂದ ಆಗಿದ್ದು, ನೀವ ಮುಗಸ್ರಿ."

ನಗು ಬಂತು. ತೋರಿಸಿಕೊಳ್ಳಲಿಲ್ಲ. ಇಬ್ಬರ ಮಾತನ್ನೂ ಕೇಳಿಯೇ ಹೇಳುತ್ತೇನೆ ಎಂದೆ, ಈ ಡೈರಿಯನ್ನು ತೊಡೆಯ ಮೇಲೆ ತೆರೆದೆ. ಮೌನೇಶ್ವರಿ ಎದ್ದಳು. ಅಪ್ಪ ಕೈ ಅಡ್ಡ ಹಿಡಿದರು.

"ನೀ ಕುಂದ್ರು. ನನ್ನ ಮಾತ ಈ ಸಲ ನಾನ ಆಡ್ತೀನಿ."

ಎದ್ದು ನಿಂತಿದ್ದಾರೆ. ಕಾಲೇಜಿನ ಮಕ್ಕಳು ನಾಲ್ಕೈದು ಜನ ಸುತ್ತ ಸೇರಿದ್ದಾರೆ. ಕೆಮ್ಮಿ ಗಂಟಲು ಸರಿಮಾಡಿಕೊಂಡು, ಮಗಳ ಕಡೆಗೇ ತಿರುಗಿ—